ಧರ್ಮದ ಅಧ್ಯಯನ ಮತ್ತು ವಿಶ್ವವಿದ್ಯಾಲಯ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವು ಪೂರ್ವದಿಂದ ನೋಡಿದವರಿಗೆ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಸರ್ಪದಂತೆ ತೋರುವುದೆಂದು ನಮ್ಮ ಭಾಗದ ಜನ ಹೇಳುತ್ತ ಬಂದಿದ್ದಾರೆ. ಈಚೆಗೆ ದೊಡ್ಡಬಳ್ಳಾಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಬಂದು ತನ್ನ ಸಂಕಟವನ್ನು ತೋಡಿಕೊಂಡಾಗ ನನಗೆ ಈ ಬೆಟ್ಟ ನೆನಪಾಯಿತು. ಸಮಾಜಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಶರಣಧರ್ಮವನ್ನು ಕುರಿತು ಪ್ರಬಂಧ ಬರೆಯಬೇಕೆಂಬುದು ಅವಳ ಬಯಕೆ. ಇಷ್ಟಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸದ ಅವಳ ಅಜ್ಜನವರಿಗೆ ಅದು ಸಮ್ಮತವಿಲ್ಲ. ಪೂಜೆಯ ವಸ್ತುವನ್ನು ಪರೀಕ್ಷೆಯ ವಸ್ತುವಾಗಿ ಮಾಡಬಹುದೆ ಎಂಬುದು ಆ ಹಿರಿಯರ ಆಕ್ಷೇಪ. ಇದನ್ನು ಹಳೆಯ ಕಾಲದವರ ಅಂಜಿಕೆಯೆಂದು ತಳ್ಳಿಹಾಕುವಂತಿಲ್ಲ.

ಅಮೆರಿಕದಲ್ಲಿ ಇಂಥದೇ ಪ್ರಶ್ನೆ ನ್ಯಾಯಾಲಯದವರೆಗೆ ಹೋಯಿತು. ಸರ್ಕಾರಿ ಶಾಲೆಗಳಲ್ಲಿ ಬೈಬಲ್ಲನ್ನು ಉಪಾಸನೆಯಾಗಿ ಪಠಿಸುವುದು ಸಂವಿಧಾನವಿರುದ್ಧವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ತೀರ್ಪಿತ್ತಿತು. ಆದರೆ ಇತಿಹಾಸವಾಗಿ, ಸಾಹಿತ್ಯವಾಗಿ, ತೌಲನಿಕವಾಗಿ ಧರ್ಮವನ್ನು ಅಭ್ಯಸಿಸುವುದಕ್ಕೆ ಅಡ್ಡಿಯಿಲ್ಲವೆಂದೂ ಅದೇ ತೀರ್ಪು ಸ್ಪಷ್ಟಪಡಿಸಿತು. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮವನ್ನು ಕುರಿತು ಬೋಧಿಸುವುದು ಬೇರೆ ಎಂಬ ಈ ವಿವೇಕದ ಬಲದಿಂದ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಧರ್ಮಾಧ್ಯಯನ ವಿಭಾಗಗಳು ಬೆಳೆದವು. ಅದಕ್ಕೂ ಮೊದಲೇ ಹಲವು ಶಾಸ್ತ್ರದವರು ತಂತಮ್ಮ ದಿಕ್ಕಿನಿಂದ ಧರ್ಮಜೀವನವನ್ನು ನೋಡಿದ್ದುಂಟು. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರ ಗ್ರಂಥದಲ್ಲಿ ವ್ಯಕ್ತಿಯ ಅನುಭಾವವನ್ನು ವಿಚಾರಿಸಿದರು. ಡು ಬೊಯಿಸ್ ಮರುವರ್ಷವೇ ಆಫ್ರಿಕನ್ ಮೂಲದವರ ಚರ್ಚನ್ನು ಸಾಮಾಜಿಕ ಸಂಸ್ಥೆಯಾಗಿ ಸಮೀಕ್ಷಿಸಿದರು. ಹಾರ್ವರ್ಡಿನ ಸಾಹಿತ್ಯ ಪ್ರಾಧ್ಯಾಪಕ ಪೆರಿ ಮಿಲ್ಲರ್ ಸ್ವತಃ ನಾಸ್ತಿಕರು. ಆದರೂ ಪ್ಯೂರಿಟನ್ ಗುರುಗಳ ಉಪದೇಶಗಳನ್ನು ಅವರಷ್ಟು ಆಸ್ಥೆಯಿಂದ ಓದಿದ ಆಸ್ತಿಕರು ವಿರಳವೆಂದೇ ನನ್ನ ಎಣಿಕೆ.

ನಮ್ಮ ಸಂವಿಧಾನದ 28ನೆಯ ವಿಧಿಯೂ ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಗುರುನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನ ಅಂಥ ಬೋಧನೆಯಾಗದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಹೇಳಿದೆ.

ಇನ್ನು ನಮ್ಮ ಮನೆಯ ಮಾತು. ವಚನಗಳ ಅಧ್ಯಯನಕ್ಕೆ ಬಾಗಿಲು ತೆರೆದವರು ವಿಶ್ವವಿದ್ಯಾಲಯದವರಲ್ಲ, ವಿಜಾಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು. ಅವರ ‘ವಚನಶಾಸ್ತ್ರಸಾರ’ ಹೊರಬಂದದ್ದು 1923ರಲ್ಲಿ. ಶಿ.ಚ. ನಂದೀಮಠರು 1942ರ ಇಂಗ್ಲಿಷ್ ಗ್ರಂಥದಲ್ಲಿ ಸಿದ್ಧಾಂತವನ್ನು ವಿವರಿಸಿದರು. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಲ್ಲಿದ್ದ ಸಮಾಜಶಾಸ್ತ್ರಜ್ಞ ಕೆ. ಈಶ್ವರನ್ 1983ರಲ್ಲಿ ಲಿಂಗಾಯತರ ಧರ್ಮ ಮತ್ತು ಸಮಾಜವನ್ನು ಕುರಿತು ಬರೆದರು.

ಮೈಸೂರಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ನರು ಭಾಷಾವಿಜ್ಞಾನಿ, ಕವಿ. 1973ರಲ್ಲಿ ಅವರು ದಾಸಿಮಯ್ಯ, ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದಾಗ ಕೂಡಲಸಂಗಮದೇವ ಎಂಬ ಅಂಕಿತವನ್ನೂ ಅನುವಾದಿಸಿ, ಕೂಡುವ ನದಿಗಳ ಒಡೆಯ ಎಂಬರ್ಥ ಬರುವಂತೆ ಮಾಡಿದರು. ಪರದೇಶದ ಓದುಗನಿಗೆ ಒಂದು ಚಿತ್ರ ದೊರೆಯಿತು, ನಿಜ. ಆದರೆ ಅಂಕಿತವು ನಮಗೆ ಹೆಸರು. ಹೆಸರು ಹಿಡಿದು ಕರೆಯುವುದಕ್ಕೂ ಹೆಸರಿನ ಅರ್ಥ ಹೇಳುವುದಕ್ಕೂ ಅಂತರವಿದೆ. ಕೃಷ್ಣೆ ಮಲಪ್ರಭೆಯರು ಕೂಡುವ ಆ ಕ್ಷೇತ್ರದಲ್ಲಿ ನಿಂತು ಕೈಮುಗಿದವನಿಗೆ ಅನುವಾದದಲ್ಲಿ ಏನೋ ತಪ್ಪಿದಂತಾಗುತ್ತದೆ. ಕಾವ್ಯವೆಂದು ಮಾತ್ರ ಓದಿದಾಗ ಬರುವ ಕೊರತೆ ಇದು. ಜಾತಿಯ ಲೆಕ್ಕಕ್ಕೆ ಮಾತ್ರ ವಚನವನ್ನು ಓದುವವರ ಕೊರತೆ ಇದಕ್ಕಿಂತ ದೊಡ್ಡದು.

ಹಾಗೆಂದು ಅಜ್ಜನವರ ಪಕ್ಷವೇ ಗೆದ್ದಿತೆನ್ನಲಾರೆ. ಅವರು ಪೂಜೆಯ ಬಳಿಕ ನಿತ್ಯ ಓದುವ ವಚನಗಳ ಪುಸ್ತಕ ಅವರ ಕೈಸೇರಿದ್ದು ಹೇಗೆ? ಓಲೆಗರಿಗಳನ್ನು ಹುಡುಕಿ, ಪ್ರತಿಗೆ ಪ್ರತಿಯನ್ನು ಹೋಲಿಸಿ, ಯಾವ ಅಂಕಿತ ಯಾರದೆಂದು ವಿಚಾರಿಸಿ, ಪಾಠಾಂತರಗಳನ್ನು ಗುರುತಿಸಿದವರ ಶ್ರಮದಿಂದ. ಪರೀಕ್ಷೆಯಾಗದೆ ಆ ಪುಸ್ತಕ ಪೂಜೆಯ ಮಣೆಯ ಬಳಿಗೆ ಬರುತ್ತಿರಲಿಲ್ಲ. ಅನುಭಾವ ಏನೆಂಬುದನ್ನು ಸಮಾಜಶಾಸ್ತ್ರ ಹೇಳಲಾರದು. ಯಾವ ವಚನ ಪ್ರಕ್ಷಿಪ್ತವೆಂಬುದನ್ನು ಭಕ್ತಿಯೊಂದೇ ಹೇಳಲಾರದು.

ಹುಡುಗಿಗೆ ನಾನು ಕೊಟ್ಟ ಸಲಹೆ ಇಷ್ಟೆ: ಗ್ರಂಥಾಲಯಕ್ಕೆ ಹೋಗುವ ಮುನ್ನ ಅಜ್ಜನವರನ್ನೇ ಕೇಳಬೇಕು. ಯಾವ ವಚನಗಳು ಅವರಿಗೆ ಕಂಠಸ್ಥ, ಯಾರಿಂದ ಕಲಿತರು, ಮುದ್ರಿತ ಪಾಠಕ್ಕೂ ಅವರ ಬಾಯ ಪಾಠಕ್ಕೂ ಎಲ್ಲಿ ವ್ಯತ್ಯಾಸ ಎಂಬುದನ್ನು ಬರೆದುಕೊಳ್ಳಬೇಕು. ಕಳೆದ ವಾರ ಅವಳು ಮತ್ತೆ ಬಂದಿದ್ದಳು. ಅಜ್ಜನವರು ಒಪ್ಪಿದ್ದಾರಂತೆ, ಪ್ರತಿಯೊಂದು ಅಧ್ಯಾಯವನ್ನೂ ಮೊದಲು ತಮಗೆ ಓದಿ ಹೇಳಬೇಕೆಂಬ ನಿಬಂಧನೆಯೊಡನೆ.