ಬಚ್ಚಲೊಲೆಯ ಹೊಗೆ

ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. 82 ದಾಟಿದ ನಮ್ಮ ದೊಡ್ಡಮ್ಮ ಅಲ್ಲಿ ಒಬ್ಬರೇ. ಮೊದಲೆಲ್ಲ ಅವರು ಬೆಳಗಿನ ಜಾವ ಬಚ್ಚಲೊಲೆಗೆ ಒಣ ಸೋಗೆ ತುರುಕಿ ಬೆಂಕಿ ಹಚ್ಚಿದರೆ ಹಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ತೋಟದಾಚೆಯ ಮನೆಯವರು ಹಲ್ಲುಜ್ಜುತ್ತಾ ಅತ್ತ ಕಣ್ಣು ಹಾಯಿಸುತ್ತಿದ್ದರು. ಹೊಗೆ ಕಂಡರೆ ಸಮಾಧಾನ. ಕಾಣದಿದ್ದರೆ ಆ ಮನೆಯ ಹುಡುಗ ಸಂಕ ದಾಟಿ ಓಡಿ ಬರುತ್ತಿದ್ದ.

ಸೋಲಾರ್ ಬಂತು, ಹೊಗೆ ನಿಂತಿತು. ಈಗ ನಡುಮನೆಯ ಗೋಡೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಡಬ್ಬಿ. ದೊಡ್ಡಮ್ಮ ಎದ್ದು ಅದರ ಮುಂದೆ ಹಾದರೆ ಮೈಯ ಬಿಸಿಗೆ ಕೆಂಪು ದೀಪ ಒಮ್ಮೆ ಮಿನುಗುತ್ತದೆ. ಸಿಯಾಟಲ್‌ನಲ್ಲಿ ಆಗ ಹಿಂದಿನ ದಿನದ ಸಂಜೆ. ಮಗನ ಫೋನು ಮೆಲ್ಲಗೆ ಗುಂಯ್‌ಗುಡುತ್ತದೆ. ಅವನು ಕ್ಯಾಮೆರಾ ಹಾಕಿಸಲು ಹೊರಟಿದ್ದ. ‘ಸೀರೆ ಉಡೋದೂ ಕಾಣ್ತದಲ್ಲ, ಬೇಡ ಮಾರಾಯ’ ಎಂದುಬಿಟ್ಟರು. ಅವರ ಮಾತೇ ಸರಿ. ಕಾಯುವುದು ಬೇರೆ, ಇಣುಕುವುದು ಬೇರೆ.

ಜಪಾನಿನವರು ಇದನ್ನು ನೋವುಂಡು ಕಲಿತರು. 1996ರಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ ವೃದ್ಧ ತಾಯಿ ಮತ್ತು ಕಾಯಿಲೆಯ ಮಗ ತೀರಿಕೊಂಡದ್ದು ಸುಮಾರು ಒಂದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. 2001ರಲ್ಲಿ ಝೋಜಿರುಶಿ ಕಂಪನಿ ಬಿಸಿನೀರಿನ ಪಾತ್ರೆಯೊಳಗೇ ಸಂದೇಶ ಕಳಿಸುವ ಯಂತ್ರ ಕೂರಿಸಿತು. ಅಜ್ಜಿ ಚಹಾಕ್ಕೆ ನೀರು ಬಗ್ಗಿಸಿದರೆ ದೂರದೂರಿನ ಮಗಳಿಗೆ ಸುದ್ದಿ. ಅಜ್ಜಿ ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ನಮ್ಮ ಬಚ್ಚಲೊಲೆ ಮಾಡುತ್ತಿದ್ದುದೂ ಇದನ್ನೇ.

ದೊಡ್ಡಮ್ಮನ ತೋಳಿನಲ್ಲಿ ಕಳೆದ ವರ್ಷ ನಾಣ್ಯದಗಲದ ಬಿಲ್ಲೆಯೊಂದು ಅಂಟಿಕೊಂಡಿತ್ತು. ಅದರ ಕೂದಲೆಳೆಯಂಥ ತಂತಿ ಚರ್ಮದಡಿಯ ದ್ರವದಲ್ಲಿ ಸಕ್ಕರೆಯನ್ನು 14 ದಿನ ಹಗಲಿರುಳು ಅಳೆಯುತ್ತದೆ. ಮೂರು ತಿಂಗಳಿಗೊಮ್ಮೆ ಶಿವಮೊಗ್ಗದಲ್ಲಿ ಮಾಡಿಸುತ್ತಿದ್ದ ರಕ್ತಪರೀಕ್ಷೆ ‘ಚೆನ್ನಾಗಿದೆ’ ಎನ್ನುತ್ತಿತ್ತು. ಅದು ಹೇಳುವುದು ಸರಾಸರಿ ಮಾತ್ರ. ಬಿಲ್ಲೆಯ ಗೆರೆ ಮಾತ್ರ ರಾತ್ರಿ ಎರಡರಿಂದ ನಾಲ್ಕರ ನಡುವೆ 70ರ ಕೆಳಗೆ ಜಾರಿತ್ತು, ಒಂದಲ್ಲ, ಐದು ರಾತ್ರಿ. ‘ಬೆವರಿ ಎಚ್ಚರ ಆಗ್ತದೆ, ಕೆಟ್ಟ ಕನಸು’ ಎಂದು ಅವರು ಹೇಳುತ್ತಿದ್ದುದು ಕನಸಲ್ಲ. ಡಾಕ್ಟರು ರಾತ್ರಿ ಮಾತ್ರೆ ಅರ್ಧಕ್ಕಿಳಿಸಿದರು. ಆ ಗೆರೆ ನೋಡಿದಾಗ ನನಗೆ ಎದೆ ಝಲ್ಲೆಂದಿತ್ತು. ಎಷ್ಟು ಮನೆಗಳಲ್ಲಿ ಎಷ್ಟು ಅಜ್ಜಿಯರು ಇಂಥ ಕನಸು ಕಂಡು ಏಳದೇ ಹೋದರೋ!

ಹಿಂದೆ ಸ್ಕೂಟರಿನಲ್ಲಿ ಚರ್ಮದ ಬ್ಯಾಗು ತರುತ್ತಿದ್ದ ಡಾಕ್ಟರಿಗೆ ಈ ಗೆರೆ ಕಾಣುತ್ತಿರಲಿಲ್ಲ. ಆದರೆ ಅವರು ನಾಲಗೆ ನೋಡಿ, ಕಣ್ಣಿನ ರೆಪ್ಪೆ ಎಳೆದು, ಉಪ್ಪಿನಕಾಯಿ ಎಷ್ಟು ಹಾಕಿಕೊಂಡಿರಿ ಎಂದೂ ಕೇಳುತ್ತಿದ್ದರು. ಆ ಕೆಲಸ ಈಗ ಆಶಾ ಕಾರ್ಯಕರ್ತೆಯದು. ಆಕೆ ಜಗಲಿಯಲ್ಲಿ ಕೂತು ದೊಡ್ಡಮ್ಮನ ಪಾದವನ್ನು ಹೆಬ್ಬೆರಳಲ್ಲಿ ಒತ್ತುತ್ತಾಳೆ. ಕುಳಿ ಬಿದ್ದು ಉಳಿದರೆ ನೀರು ತುಂಬಿದೆ ಎಂದರ್ಥ. ಅಂಥ ದಿನ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, 2019ರಲ್ಲಿ ಶುರುವಾದ ಸರ್ಕಾರಿ ದೂರವೈದ್ಯ ಸೇವೆ ಇ-ಸಂಜೀವನಿಯಲ್ಲಿ ಡಾಕ್ಟರಿಗೆ ತೋರಿಸುತ್ತಾಳೆ. ಡಾಕ್ಟರು ಪರದೆಯಲ್ಲಿ, ಬೆರಳು ಇಲ್ಲಿ.

ಕಳೆದ ಮಳೆಗಾಲದ ಒಂದು ರಾತ್ರಿ, ಬಿದ್ದರೆ ಕೂಗಿ ಹೇಳುವ ಕೊರಳಿನ ಪದಕವನ್ನು ಅವರು ಬಚ್ಚಲಿನ ಮೊಳೆಗೆ ತೂಗುಹಾಕಿದ್ದರು. ಮೊಳೆ ಕಳಚಿ ಪದಕ ಕಲ್ಲಿನ ಮೇಲೆ ಬಿತ್ತು. ಸಿಯಾಟಲ್ ಬೆದರಿತು, ಅಲ್ಲಿಂದ ತೋಟದಾಚೆಗೆ ಫೋನು. ಕಾಲು ಗಂಟೆಯಲ್ಲಿ ಟಾರ್ಚು ಹಿಡಿದು ಅಂಗಳದಲ್ಲಿ ನೆನೆಯುತ್ತಾ ನಿಂತವನು ಹಿಂದೆ ಸಂಕ ದಾಟಿ ಓಡಿ ಬರುತ್ತಿದ್ದ ಅದೇ ಹುಡುಗ, ತಲೆ ನರೆತಿದೆ. ‘ಎಂತ ಆಗಿಲ್ಲ ಮಾರಾಯ, ಒಳಗೆ ಬಾ’ ಎಂದು ದೊಡ್ಡಮ್ಮ ಟವೆಲು ಕೊಟ್ಟು ಕಾಫಿಗೆ ಇಟ್ಟರು.

ಮರುದಿನ ಮೋಡ ಕವಿದು ಸೋಲಾರ್ ನೀರು ತಣ್ಣಗಿತ್ತು. ಅವರು ಬಚ್ಚಲೊಲೆಗೆ ಸೋಗೆ ತುರುಕಿದರು. ಬಿಸಿಲು ಬಂದ ಮೇಲೂ ಅದನ್ನು ಬಿಟ್ಟಿಲ್ಲ.