ಗೌಜಲಕ್ಕಿ ಮರಿಗೆ ನಾವೇ ಅಮ್ಮ



ಹೋದ ಬೇಸಿಗೆ ರಜದಲ್ಲಿ ನಾನು, ನನ್ನ ತಮ್ಮ ಸೇರಿ ಮನೆಯಲ್ಲೇ ಗೌಜಲಕ್ಕಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸಿದೆವು. ಹೇಗೆ ಮಾಡಿದೆವು, ಎಲ್ಲಿ ತಪ್ಪಿದೆವು, ಎರಡನ್ನೂ ಬರೆಯುತ್ತೇನೆ.

ಹೊಲದಲ್ಲಿ ನಡೆಯುವಾಗ ಕಾಲ ಹತ್ತಿರದಿಂದಲೇ ಭರ್ ಅಂತ ಎದ್ದು ಹೋಗುತ್ತಲ್ಲ, ಆ ಹಕ್ಕಿ ಇದಲ್ಲ. ಅದು ಕಾಡುಹಕ್ಕಿ. ಅದನ್ನು ಹಿಡಿಯುವುದು, ಅದರ ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ನಾವು ಸಾಕಿದ್ದು ಜಪಾನಿ ಗೌಜಲಕ್ಕಿ. ಕೋಳಿ ಹಾಗೆ ಸಾಕುವುದಕ್ಕೆಂದೇ ಇದನ್ನು 1974ರಲ್ಲಿ ನಮ್ಮ ದೇಶಕ್ಕೆ ತಂದರು. ಇದರ ಮೊಟ್ಟೆ ಸುಮಾರು 10 ಗ್ರಾಂ. ಐದು ಮೊಟ್ಟೆ ಸೇರಿದರೆ ಒಂದು ಕೋಳಿಮೊಟ್ಟೆಯಷ್ಟು ತೂಕ.

"ಅದೇ ಕಾವಿಗೆ ಕೂರಲ್ವೇನೇ?" ಅಂತ ನಮ್ಮಜ್ಜಿ ಕೇಳಿದರು. ಕೂರಲ್ಲ. ಎಷ್ಟೋ ತಲೆಮಾರಿನಿಂದ ಯಂತ್ರದಲ್ಲೇ ಮರಿ ಮಾಡಿಸಿ ಮಾಡಿಸಿ, ಸಾಕಿದ ಗೌಜಲಕ್ಕಿಗೆ ಕಾವು ಕೂರುವುದೇ ಹೆಚ್ಚುಕಡಿಮೆ ಮರೆತುಹೋಗಿದೆ. ಮೊಟ್ಟೆ ಇಡುತ್ತೆ, ಬಿಟ್ಟು ಹೋಗುತ್ತೆ. ಹಾಗಾಗಿ ತಾಯಿ ಮಾಡಬೇಕಾದ ಕೆಲಸವೆಲ್ಲ ನಮ್ಮ ಪಾಲಿಗೆ ಬರುತ್ತದೆ.

ಮೊಟ್ಟೆ: ಅಂಗಡಿಯಲ್ಲಿ ತಿನ್ನುವುದಕ್ಕೆ ಮಾರುವ ಮೊಟ್ಟೆ ನಂಬುವ ಹಾಗಿಲ್ಲ. ಗಂಡು ಹಕ್ಕಿ ಜೊತೆಗಿರದೆ ಇಟ್ಟ ಮೊಟ್ಟೆಯಲ್ಲಿ ಮರಿ ಆಗಲ್ಲ. ಗಂಡು ಹೆಣ್ಣು ಒಟ್ಟಿಗೆ ಸಾಕಿರುವ ಕಡೆಯಿಂದ ಮಾವ 12 ಮೊಟ್ಟೆ ತಂದುಕೊಟ್ಟರು. ಒಂದು ವಾರದೊಳಗಿನ ಮೊಟ್ಟೆ ಆಗಿರಬೇಕು. ತೊಳೆಯಬಾರದು.

ಪೆಟ್ಟಿಗೆ: ಥರ್ಮಾಕೋಲ್ ಡಬ್ಬಕ್ಕೆ ಮಾವನೇ 40 ವಾಟಿನ ತಂತಿ ಬಲ್ಬ್, ಥರ್ಮೋಸ್ಟಾಟ್ ಕೂರಿಸಿದರು. ಗಾಳಿಗೆ ನಾಲ್ಕು ತೂತು, ತೇವಕ್ಕೆ ಒಂದು ಬಟ್ಟಲು ನೀರು. ಎಲ್‌ಇಡಿ ಬಲ್ಬ್ ಹಾಕಬೇಡಿ. ಅದು ಬೆಳಕು ಕೊಡುತ್ತೆ, ಸಾಕಷ್ಟು ಬಿಸಿ ಕೊಡಲ್ಲ. ಒಳಗೆ 37.5 ಡಿಗ್ರಿ ಇರಬೇಕು. ಜ್ವರ ನೋಡುವ ಪಾದರಸದ ಥರ್ಮಾಮೀಟರ್ ಇದಕ್ಕೆ ಆಗಲ್ಲ, ಒಮ್ಮೆ ಏರಿದರೆ ಒದರುವ ತನಕ ಇಳಿಯಲ್ಲ. ವಿಜ್ಞಾನದ ಮೇಷ್ಟ್ರು ಪ್ರಯೋಗಶಾಲೆಯದನ್ನು ಕೊಟ್ಟರು.

ತಿರುಗಿಸುವುದು: ಮರಿ ಒಂದೇ ಕಡೆ ಚಿಪ್ಪಿಗೆ ಅಂಟಿಕೊಳ್ಳಬಾರದು. ಅದಕ್ಕೆ ಮೊಟ್ಟೆಯ ಒಂದು ಕಡೆ ಗುಣಾಕಾರ ಗುರುತು, ಇನ್ನೊಂದು ಕಡೆ ಸೊನ್ನೆ ಬರೆದು, ದಿನಕ್ಕೆ ನಾಲ್ಕು ಸಲ ತಿರುಗಿಸಿದೆವು. 15ನೇ ದಿನ ನಿಲ್ಲಿಸಬೇಕು. ಒಂಬತ್ತನೇ ದಿನ ಮೂರು ಗಂಟೆ ಕರೆಂಟ್ ಹೋಯಿತು. ಬೀದಿಯ ಮಗ್ಗಗಳೆಲ್ಲ ನಿಂತವು, ನಮಗೆ ಎದೆ ಡವಡವ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಳಗಿಟ್ಟು, ಮೇಲೆ ಕಂಬಳಿ ಹೊದಿಸಿದೆವು.

ಕೋಳಿಮೊಟ್ಟೆಗೆ 21 ದಿನ ಬೇಕು. ಇದಕ್ಕೆ 17-18 ದಿನ ಸಾಕು. 17ನೇ ದಿನ ಬೆಳಗ್ಗೆ ಚಿಪ್ಪೊಳಗೆ ಚಿಂವ್ ಚಿಂವ್. ತಮ್ಮ ಚಿಪ್ಪು ಬಿಡಿಸೋಕೆ ಹೋದ. ಅಜ್ಜಿ ಕೈ ಹಿಡಿದರು. ಬಲವಂತವಾಗಿ ಬಿಡಿಸಿದರೆ ರಕ್ತ ಬರುತ್ತದೆ, ಅದೇ ಒಡೆದುಕೊಂಡು ಬರಲಿ. ಮಾರನೇ ದಿನ ಸಂಜೆಗೆ ಏಳು ಮರಿ! ಒಂದೊಂದೂ ಹೆಬ್ಬೆರಳಿನಷ್ಟೇ ಗಾತ್ರ.

ನಮ್ಮ ತಪ್ಪು: ಕೋಳಿಮರಿಗೆ ಇಡುವ ತಟ್ಟೆಯಲ್ಲೇ ನೀರಿಟ್ಟೆ. ಬೆಳಗ್ಗೆ ನೋಡಿದರೆ ಎರಡು ಮರಿ ಅದರಲ್ಲಿ ಮುಳುಗಿ ಸತ್ತಿದ್ದವು. ಅಷ್ಟು ಕಮ್ಮಿ ನೀರಲ್ಲೂ ಮುಳುಗುತ್ತವೆ ಅಂತ ನನಗೆ ಗೊತ್ತಿರಲಿಲ್ಲ. ತಮ್ಮ ಅವತ್ತು ಊಟ ಮಾಡಲಿಲ್ಲ. ಆಮೇಲೆ ಮುಚ್ಚಳದಲ್ಲಿ ನೀರು ಹಾಕಿ ತುಂಬ ಸಣ್ಣ ಕಲ್ಲು ತುಂಬಿಸಿದೆವು. ಕಲ್ಲಿನ ಸಂದಿಯಿಂದ ಕುಡಿಯುತ್ತವೆ, ಒಳಗೆ ಬೀಳಲ್ಲ.

ನೆಲಕ್ಕೆ ಬರೀ ಪೇಪರ್ ಹಾಸಬೇಡಿ. ಕಾಲು ಜಾರಿ ಅಗಲವಾಗಿ, ಮರಿ ನಿಲ್ಲೋಕೇ ಆಗದ ಹಾಗೆ ಆಗುತ್ತದೆ. ಗೋಣಿಚೀಲ ಒಳ್ಳೆಯದು. ಕಾಲಿಗೆ ಹಿಡಿತ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಸಂಗತಿ ಕೇಳಿ. 1990ರಲ್ಲಿ ಸೋವಿಯತ್ ದೇಶದ ಮೀರ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಇದೇ ಜಾತಿಯ ಮರಿಗಳು ಮೊಟ್ಟೆಯೊಡೆದು ಬಂದವು. ಅಲ್ಲಿ ತೂಕವೇ ಇಲ್ಲ. ಮರಿಗಳು ನಿಲ್ಲಲಾರದೆ ತೇಲಾಡಿದವು, ತಾವಾಗಿ ಕಾಳು ತಿನ್ನಲೂ ಆಗಲಿಲ್ಲವಂತೆ. ನೆಲ ಸಿಕ್ಕಿರುವ ನಮ್ಮ ಮರಿಗಳು ಪುಣ್ಯವಂತವು.

ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಬಹುದು. ಮರಿಗಳೇ ಹೇಳುತ್ತವೆ: ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ. ಬರೀ ರಾಗಿ, ನುಚ್ಚು ಸಾಲದು. ಕೋಳಿಮರಿ ಫೀಡ್ ಪುಡಿ ಮಾಡಿ, ಬೇಯಿಸಿದ ಮೊಟ್ಟೆ ಸ್ವಲ್ಪ ಉದುರಿಸಿ ಕೊಟ್ಟೆವು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲೇಬೇಕು.

ಮೂರು ವಾರಕ್ಕೆ ಗಂಡಿನ ಎದೆ ಕೆಂಗಂದು, ಹೆಣ್ಣಿನ ಎದೆ ಚುಕ್ಕೆಚುಕ್ಕೆ. ಏಳನೇ ವಾರದಲ್ಲಿ ನಮ್ಮ ಹೆಣ್ಣು ಮೊದಲ ಮೊಟ್ಟೆ ಇಟ್ಟಿತು. ಇಟ್ಟು, ತಿರುಗಿಯೂ ನೋಡದೆ ಕಾಳಿಗೆ ಹೋಯಿತು.

ನೀವೂ ಮಾಡುವುದಾದರೆ ಮೊದಲು ಒಂದು ಯೋಚಿಸಿ. ಇವು ಎರಡು-ಮೂರು ವರ್ಷ ಬದುಕುತ್ತವೆ. ರಜ ಮುಗಿದ ಮೇಲೆ ಬೇಜಾರಾಗಿ ಹೊಲಕ್ಕೆ ಬಿಟ್ಟರೆ ನಾಯಿ ಬೆಕ್ಕಿನ ಪಾಲು. ಮೊಟ್ಟೆ ಪೆಟ್ಟಿಗೆಗೆ ಇಡುವ ದಿನವೇ, ಶಾಲೆ ಇರುವ ದಿನ ನೀರು ಕಾಳು ಹಾಕುವವರು ಯಾರು ಅಂತ ಮನೆಯಲ್ಲಿ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಬೆಳಗ್ಗೆ ನಾನು, ಸಂಜೆ ತಮ್ಮ. ಕಲ್ಲು ತೊಳೆಯುವ ಕೆಲಸ ಮಾತ್ರ ಅವನು ಯಾರಿಗೂ ಬಿಟ್ಟುಕೊಡಲ್ಲ.

– 9ನೇ ತರಗತಿ ವಿದ್ಯಾರ್ಥಿನಿ