ಹತ್ತೊಂಬತ್ತು ಸೊನ್ನೆಯ ಕಷಾಯ

ಒಂದು ಪಾತ್ರೆ ಸಾರಿಗೆ ನಮ್ಮ ಅಡುಗೆಮನೆಯಲ್ಲಿ ಬೀಳುವ ಅರಿಶಿನ ಕಾಲು ಚಮಚ. ತೂಗಿದರೆ ಮುಕ್ಕಾಲು ಗ್ರಾಂ. ಇನ್ನು ಮೆಡಿಕಲ್ ಶಾಪಿನ ಕರ್ಕ್ಯುಮಿನ್ ಕ್ಯಾಪ್ಸೂಲ್ ಒಂದನ್ನು ಎತ್ತಿಕೊಳ್ಳಿ. ಒಳಗಿರುವುದು 500 ಮಿಲಿಗ್ರಾಂ ಸಾರ, ಅದರಲ್ಲಿ ಶೇ 95ರಷ್ಟು ಅರಿಶಿನದ ಹಳದಿ ಸತ್ವ. ಅರಿಶಿನದ ಪುಡಿಯಲ್ಲಿ ಈ ಸತ್ವ ಇರುವುದು ಶೇ 3ರ ಆಸುಪಾಸು ಮಾತ್ರ. ಭಾಗಿಸಿ ನೋಡಿ: ಒಂದೇ ಕ್ಯಾಪ್ಸೂಲಿನಲ್ಲಿ 16 ಗ್ರಾಂ ಅರಿಶಿನ! ದಿನಕ್ಕೊಂದು ಪಾತ್ರೆ ಸಾರು ಮಾಡುವ ಮನೆಗೆ ಇದು ಮೂರು ವಾರದ ಖರ್ಚು. ಮನೆಮಂದಿಯೆಲ್ಲ ಮೂರು ವಾರ ಹಂಚಿಕೊಂಡು ಉಣ್ಣುವುದನ್ನು ಒಬ್ಬರೇ ಒಂದು ಗುಟುಕು ನೀರಿನಲ್ಲಿ ಇಳಿಸಿಬಿಡುತ್ತಾರೆ.

ಈ ಹಳದಿ ಸತ್ವವನ್ನು ತೆಗೆದು ಜಗತ್ತಿಗೆಲ್ಲ ಮಾರುವ ಸಾಮಿ-ಸಬಿನ್ಸಾ ಕಂಪನಿ ಇರುವುದು ಪೀಣ್ಯದಲ್ಲಿ, ಲೇತು-ಡ್ರಿಲ್ಲಿಂಗ್ ಯಂತ್ರಗಳ ಸದ್ದಿನ ನಡುವೆ. ಅದರ ಸ್ಥಾಪಕ ಮುಹಮ್ಮದ್ ಮಜೀದ್ ಕೂಡ ಲೇಖಕರಾಗಿದ್ದ ಒಂದು ಪ್ರಬಂಧ 1998ರಲ್ಲಿ ಬಂತು. ಪ್ರಯೋಗ ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಸ್ವಯಂಸೇವಕರು 2 ಗ್ರಾಂ ಕರ್ಕ್ಯುಮಿನ್ ನುಂಗಿದರು, ಅಂದರೆ ಸುಮಾರು 67 ಗ್ರಾಂ ಅರಿಶಿನದ ಸತ್ವ. ರಕ್ತದಲ್ಲಿ ಹುಡುಕಿದರೆ ಇದ್ದೂ ಇಲ್ಲದಂತೆ! ಅದರ ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರು. ಎಂಟು-ಹತ್ತು ಕಾಳುಮೆಣಸಿನಲ್ಲಿ ಸಿಗುವಷ್ಟು ಖಾರ, ಅಷ್ಟೇ. ದೇಹಕ್ಕೆ ದಕ್ಕಿದ ಪ್ರಮಾಣ ಶೇ 2000 ಏರಿತು. ಇಪ್ಪತ್ತು ಪಟ್ಟು! ವೈಟ್‌ಫೀಲ್ಡಿನಲ್ಲಿ ನೇರಳೆ ಮೆಟ್ರೋ ಹತ್ತಿದವರು ಚಲ್ಲಘಟ್ಟದವರೆಗೆ ಸಾಗುವುದು 43 ಕಿಲೋಮೀಟರ್ ಚಿಲ್ಲರೆ. ಅದೇ ಟಿಕೆಟ್ಟಿನಲ್ಲಿ ಇಪ್ಪತ್ತು ಪಟ್ಟು ಸಾಗಿದರೆ ಪುಣೆಯನ್ನೇ ಮುಟ್ಟಬಹುದು.

ಇಲ್ಲೊಂದು ತಕರಾರಿದೆ. ಮೆಣಸಿಗೆ ಅರಿಶಿನ ಯಾವುದು, ಬೇರೆ ಮಾತ್ರೆ ಯಾವುದು ಎಂಬ ಭೇದ ತಿಳಿಯದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಇವುಗಳ ಮಟ್ಟವನ್ನೂ ಪೈಪರಿನ್ ರಕ್ತದಲ್ಲಿ ಏರಿಸುತ್ತದೆ. ಡಾಕ್ಟರು ಒಂದು ಮಾತ್ರೆ ಎಂದು ಬರೆದದ್ದು ಒಳಗೆ ಹೋಗಿ ಒಂದೂವರೆ ಆಗಬಹುದು. ಆದ್ದರಿಂದ ಗಿಡಮೂಲಿಕೆ ಕ್ಯಾಪ್ಸೂಲ್ ತಿನ್ನುವವರು ಅದನ್ನು ಡಾಕ್ಟರಿಂದ ಮುಚ್ಚಿಡಬಾರದು. ಕಾಳುಮೆಣಸಿನ ಸಾರಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಮೂರು ವಾರವನ್ನು ಒಂದು ಗುಟುಕಿಗೆ ಇಳಿಸುವ ಜಾಣತನಕ್ಕೆ.

ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ಮುಂದೆ ಹೋದರೆ ಮಾಕಳಿ. ಅಲ್ಲಿ ಹಿಮಾಲಯ ಕಂಪನಿ ಇದೆ, 1975ರಿಂದ. ಕಂಪನಿ ಹುಟ್ಟಿದ್ದು 1930ರಲ್ಲಿ, ಆನೆಯ ಕೃಪೆಯಿಂದ! ಬರ್ಮಾದ ಕಾಡಿನಲ್ಲಿ ರೊಚ್ಚಿಗೆದ್ದ ಆನೆಗಳಿಗೆ ಮಾವುತರು ಸರ್ಪಗಂಧಿಯ ಬೇರು ತಿನ್ನಿಸಿ ಶಾಂತಗೊಳಿಸುವುದನ್ನು ಸ್ಥಾಪಕ ಮುಹಮ್ಮದ್ ಮನಾಲ್ ಕಂಡರಂತೆ; ಕಂಪನಿಯವರೇ ಹೇಳಿಕೊಳ್ಳುವ ಕಥೆ ಇದು. 1934ರಲ್ಲಿ ಆ ಬೇರು ಸರ್ಪಿನಾ ಎಂಬ ಗುಳಿಗೆಯಾಗಿ ಬಂತು. ಒಂದು ಗಂಡಾನೆ ನಾಲ್ಕು ಸಾವಿರ ಕಿಲೋ ತೂಗುತ್ತದೆ. ನಿಂತವರೂ ಸೇರಿ ಕಿಕ್ಕಿರಿದ ಬಿಎಂಟಿಸಿ ಬಸ್ಸಿನ ಪ್ರಯಾಣಿಕರೆಲ್ಲರ ತೂಕ ಅದು. ಅಂಥದ್ದನ್ನು ಮಲಗಿಸುವ ಬೇರಿನೊಳಗೆ ಏನಿದೆ ಎಂದು 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬಗೆದು ನೋಡಿದರು. ಸಿಕ್ಕಿದ್ದು ರಿಸರ್ಪಿನ್. ಬಿಪಿಗೆ ಅದರ ಒಂದು ಮಾತ್ರೆ ಎಂದರೆ ಕಾಲು ಮಿಲಿಗ್ರಾಂ. ಒಂದು ಗ್ರಾಂ ರಿಸರ್ಪಿನ್‌ನಿಂದ ನಾಲ್ಕು ಸಾವಿರ ಮಾತ್ರೆ! ದಿನಕ್ಕೊಂದರಂತೆ ನುಂಗಿದರೆ ಹತ್ತು ವರ್ಷ ಹನ್ನೊಂದು ತಿಂಗಳು ಸಾಲುತ್ತದೆ. ಒಂದು ಗ್ರಾಮಿನಲ್ಲಿ! ಅಳತೆ ಮೀರಿದರೆ ಮನಸ್ಸನ್ನೇ ಮಂಕು ಮಾಡುವ ಪದಾರ್ಥ ಇದು. ಬೇರನ್ನು ಮನೆಯಲ್ಲೇ ಅರೆದು ಕುಡಿಯುವವರು ಎಷ್ಟು ಮಾತ್ರೆಯಷ್ಟು ಕುಡಿಯುತ್ತಿದ್ದಾರೆ ಎಂದು ಯಾವ ತಕ್ಕಡಿ ಹೇಳೀತು?

ಇವೆಲ್ಲ ಒಂದೊಂದೇ ಗಿಡದ ಲೆಕ್ಕ. ಒಂದೇ ಗಿಡಕ್ಕೆ ತೃಪ್ತಿಪಡದವರು ಚೀನಾದ ವೈದ್ಯರು. ಅಲ್ಲಿ ಕಷಾಯ ಎಂದರೆ ಹತ್ತು-ಹನ್ನೆರಡು ಮೂಲಿಕೆಗಳ ಕೂಟ. ಅವರ ಅತ್ಯಂತ ಹಳೆಯ ಔಷಧ ಗ್ರಂಥ, ಶೆನ್‌ನಾಂಗ್ ಹೆಸರಿನದು, ಎಣಿಸುವ ಮದ್ದುಗಳು 365. ವರ್ಷದ ದಿನಕ್ಕೊಂದು! ಸುಮಾರು ಎರಡು ಸಾವಿರ ವರ್ಷ ಹಳೆಯ ಈ ಪುಟ್ಟ ಪಟ್ಟಿಯಿಂದ ಹತ್ತತ್ತು ಮೂಲಿಕೆ ಆರಿಸಿ ಕಷಾಯ ಮಾಡಿದರೆ ಒಟ್ಟು ಎಷ್ಟು ಬಗೆಯ ಕಷಾಯ ಆಗಬಹುದು? ಒಂದರ ಮುಂದೆ ಹತ್ತೊಂಬತ್ತು ಸೊನ್ನೆ ಇಡಿ. ಅಷ್ಟು. ಭೂಮಿಯ ಮೇಲಿನ 800 ಕೋಟಿ ಜನ, ಹಸುಗೂಸುಗಳೂ ಸೇರಿ, ಊಟ ನಿದ್ದೆ ಬಿಟ್ಟು, ಸೆಕೆಂಡಿಗೊಂದರಂತೆ ಹೊಸ ಹೊಸ ಕಷಾಯ ಕುಡಿಯುತ್ತ ಹೋದರೂ ಪಟ್ಟಿ ಮುಗಿಯಲು 40 ವರ್ಷ ಬೇಕು. ಎಲೆಕ್ಟ್ರಾನಿಕ್ ಸಿಟಿಯ ಸರ್ವರ್‌ಗಳಿಗೂ ಇದು ಬೆವರಿಳಿಸುವ ಲೆಕ್ಕ.

ಈ ಸಾಗರಕ್ಕೆ ಒಬ್ಬನೇ ಇಳಿದವನು ಲಿ ಶಿಝೆನ್. 16ನೇ ಶತಮಾನದವನು. ಬರೆಯುತ್ತ ಕೂತದ್ದು 27 ವರ್ಷ! ಕೊನೆಗೆ 1578ರಲ್ಲಿ ಮುಗಿಸಿದ ಬೆನ್‌ಕಾವ್ ಗಾಂಗ್‌ಮು ಗ್ರಂಥದಲ್ಲಿ 52 ಸಂಪುಟ, 1,892 ಮದ್ದು, ಸಾವಿರಕ್ಕೂ ಹೆಚ್ಚು ಚಿತ್ರ, 11,096 ಔಷಧ ಯೋಗ. ಅಕ್ಷರಗಳೇ ಸುಮಾರು 19 ಲಕ್ಷ. ಸೆಕೆಂಡಿಗೊಂದು ಅಕ್ಷರದಂತೆ ರಾತ್ರಿ ಹಗಲು ಓದಿದರೆ 22 ದಿನ. ದಿನಕ್ಕೊಂದು ಯೋಗ ಸೇವಿಸುತ್ತೇನೆಂದು ಹಟ ಹಿಡಿದವರಿಗೆ 30 ವರ್ಷ ಬೇಕು, ಅದಕ್ಕೂ ಮೊದಲು ಗಟ್ಟಿ ಯಕೃತ್ತು ಬೇಕು. ಚೀನಿಯರು ಅಷ್ಟಕ್ಕೂ ನಿಲ್ಲಲಿಲ್ಲ: 1999ರ ಝೋಂಗ್‌ಹುವಾ ಬೆನ್‌ಕಾವ್ ಎಂಬ ಮಹಾಕೋಶದಲ್ಲಿ ಮದ್ದುಗಳು 8,980. ಇದರ ಮೇಲೆ ಸೂಜಿ ಚುಚ್ಚುವ ಜಾಗಗಳು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲೆಕ್ಕದಲ್ಲೇ 361. ನಮ್ಮ ಸುಶ್ರುತನ ಮರ್ಮಸ್ಥಾನಗಳು 107. ಅಲ್ಲಿಗೆ ಚೀನಾದ ಪಟ್ಟಿ ನಮ್ಮದಕ್ಕಿಂತ ಮೂರು ಪಟ್ಟು ಉದ್ದ ಎಂದಾಯಿತು. ನಾವೇನು ಬಡವರಲ್ಲ. ಯಲಹಂಕದ ಹತ್ತಿರ ಜಾರಕಬಂಡೆ ಕಾವಲಿನಲ್ಲಿರುವ, ದರ್ಶನ್ ಶಂಕರ್ 1993ರಲ್ಲಿ ಕಟ್ಟಿದ ಸ್ಥಳೀಯ ಆರೋಗ್ಯ ಪರಂಪರೆಗಳ ಪ್ರತಿಷ್ಠಾನ ದಾಖಲಿಸಿದ ಭಾರತದ ಔಷಧ ಸಸ್ಯಗಳು 6 ಸಾವಿರಕ್ಕೂ ಹೆಚ್ಚು.

ಇಷ್ಟು ಸಾವಿರಗಳ ನಡುವೆ ಒಂದು ತಪ್ಪಿದರೂ ಏನಾಗುತ್ತದೆ? ಬ್ರಸೆಲ್ಸ್‌ನ ತೂಕ ಇಳಿಸುವ ಕ್ಲಿನಿಕ್ಕೊಂದರಲ್ಲಿ 1990ರಿಂದ 1992ರವರೆಗೆ ಚೀನೀ ಮೂಲಿಕೆಯ ಕ್ಯಾಪ್ಸೂಲ್ ಕೊಡುತ್ತಿದ್ದರು. ಒಂದು ಬೇರಿನ ಜಾಗದಲ್ಲಿ ಇನ್ನೊಂದು ಬೇರು ಸೇರಿಕೊಂಡಿತು. ಒಂದೇ ಒಂದು ಅದಲುಬದಲು. ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳ ಮೂತ್ರಪಿಂಡ ಕೆಟ್ಟಿತು. ಮೂತ್ರಪಿಂಡ ಪೂರ್ತಿ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 39 ಮಂದಿಯನ್ನು ಪರೀಕ್ಷಿಸಿದರೆ 18 ಜನರ ಮೂತ್ರಮಾರ್ಗದಲ್ಲಿ ಕ್ಯಾನ್ಸರ್. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ! ಒಳನುಸುಳಿದ ಆ ಬೇರು ಅರಿಸ್ಟೊಲೋಕಿಯಾ ಕುಲದ್ದು. ತೈವಾನಿನಲ್ಲಿ 2003ರ ನಿಷೇಧಕ್ಕೆ ಮೊದಲು ಈ ಕುಲದ ಮದ್ದನ್ನು ಬರೆಸಿಕೊಂಡವರು ಇಡೀ ದೇಶದ ಮೂರರಲ್ಲೊಂದು ಪಾಲು, ಸುಮಾರು 75 ಲಕ್ಷ ಜನ. 2011ರ ಜನಗಣತಿಯ ಬೆಂಗಳೂರು ನಗರಕ್ಕಿಂತ ಚೂರು ಕಡಿಮೆ. ದೂರದ ಕಥೆ ಎನ್ನಬೇಡಿ. ಹಾವು ಕಡಿತಕ್ಕೆಂದು ನಮ್ಮ ಹಳ್ಳಿಗಳಲ್ಲಿ ಹೆಸರಾದ ಈಶ್ವರಿ ಬಳ್ಳಿ ಅದೇ ಕುಲದ ಕೂಸು.

ವತ್ಸನಾಭಿ ಎಂಬ ಬೇರಿನದು ಇನ್ನೂ ಚುರುಕು. ಅದರ ವಿಷ ಎರಡು ಮಿಲಿಗ್ರಾಂ ಸಾಕು, ಒಂದು ಅಕ್ಕಿಕಾಳಿನ ಹತ್ತರಲ್ಲೊಂದು ಪಾಲು, ಬೆಳೆದ ಮನುಷ್ಯನ ಪ್ರಾಣ ಹಾರಿಸಲು. ಚೀನಿಯರು ಅದನ್ನು ಗಂಟೆಗಟ್ಟಲೆ ಬೇಯಿಸುತ್ತಾರೆ, ಆಯುರ್ವೇದದವರು ಗೋಮೂತ್ರದಲ್ಲೋ ಹಾಲಿನಲ್ಲೋ ಶುದ್ಧಿ ಮಾಡುತ್ತಾರೆ. ಯೂಟ್ಯೂಬ್ ನೋಡಿ ಮಾಡುವ ಕೆಲಸ ಇದಲ್ಲ.

ಇನ್ನು ಭಸ್ಮಗಳು. ಅಮೆರಿಕದ ಸಂಶೋಧಕರು 2008ರಲ್ಲಿ ಇಂಟರ್‌ನೆಟ್ಟಿನಲ್ಲಿ ಮಾರುವ 193 ಆಯುರ್ವೇದ ಔಷಧಿಗಳನ್ನು ತರಿಸಿ ಪರೀಕ್ಷಿಸಿದರು. ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ, ಇಲ್ಲವೇ ಆರ್ಸೆನಿಕ್. ಲೋಹ ಬೆರೆಸಿ ಮಾಡುವ ಕೆಲವು ರಸೌಷಧಿಗಳನ್ನು ಹೇಳಿದ ಪ್ರಮಾಣದಲ್ಲಿ ತಿಂದರೆ ಒಳಗೆ ಹೋಗುವ ಸೀಸ ಅಥವಾ ಪಾದರಸ ಮಿತಿಗಿಂತ ನೂರರಿಂದ ಹತ್ತು ಸಾವಿರ ಪಟ್ಟು! ಹತ್ತು ಸಾವಿರ ದಿನ ಎಂದರೆ 27 ವರ್ಷ. ಇಪ್ಪತ್ತೇಳು ವರ್ಷಕ್ಕೆ ಹಂಚಬೇಕಾದದ್ದನ್ನು ಒಂದು ದಿನದಲ್ಲಿ ಮುಗಿಸುವ ಗುಳಿಗೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಗೇಟಿಗೆ ಹತ್ತು ನಿಮಿಷದಲ್ಲಿ ಬಂದಿಳಿಯುವ ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ ಇದೆಯೇ ಎಂದು ನೋಡಲು ಅರ್ಧ ನಿಮಿಷವೂ ಬೇಡ. ಚೀನೀ ಲಿಪಿಯ ಡಬ್ಬಿಯಾದರೆ ಅಷ್ಟೂ ಓದಲಾಗದು. ನಮ್ಮ ಆಯುಷ್ ಪದ್ಧತಿಗಳ ಪಟ್ಟಿಯಲ್ಲಿ ಚೀನೀ ಮೂಲಿಕೆ ವೈದ್ಯವೇ ಇಲ್ಲ. ಬಸುರಿಯರು, ಮಕ್ಕಳು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅಂಥ ಡಬ್ಬಿಯನ್ನು ಮುಟ್ಟದಿರುವುದೇ ಲೇಸು.

ಹಾಗಾದರೆ ಈ ಸಾಗರ ಕಡೆದವರಿಗೆ ಅಮೃತ ಸಿಗಲೇ ಇಲ್ಲವೇ? ಸಿಕ್ಕಿತು, ಅದೂ ಎಂಥ ಅಂಕಿಗಳೊಂದಿಗೆ! ಮಲೇರಿಯಾಕ್ಕೆ ಹೊಸ ಮದ್ದು ಬೇಕೆಂದು ಅಮೆರಿಕ, ಚೀನಾಗಳಲ್ಲಿ 2 ಲಕ್ಷ 40 ಸಾವಿರ ರಾಸಾಯನಿಕಗಳನ್ನು ಜಾಲಾಡಿ ಕೈಚೆಲ್ಲಿದ್ದರು. ಚೀನಾದ ತು ಯುಯು ಹಳೆಯ ಗ್ರಂಥಗಳನ್ನು ತಿರುವಿ 2 ಸಾವಿರ ಯೋಗಗಳನ್ನು ಕಲೆಹಾಕಿದರು. ಸುಮಾರು 200 ಮೂಲಿಕೆಗಳಿಂದ 380 ಸಾರ ತೆಗೆದು ಇಲಿಗಳ ಮೇಲೆ ನೋಡಿದರು. ಸುಳಿವು ಕೊಟ್ಟದ್ದು 1,600 ವರ್ಷ ಹಿಂದಿನ ಗೆ ಹೋಂಗ್ ಬರೆದಿಟ್ಟ ಒಂದೇ ಸಾಲು: ಚಿಂಗ್‌ಹಾವ್ ಸೊಪ್ಪನ್ನು ಕುದಿಸದೆ ನೀರಲ್ಲಿ ನೆನೆಸಿ ಹಿಂಡುವ ಕ್ರಮ. 1971ರ ಅಕ್ಟೋಬರ್ 4ರಂದು 191ನೇ ಮಾದರಿ ನೂರಕ್ಕೆ ನೂರು ಗೆದ್ದಿತು. ಅದರಿಂದ ಹೊರಬಂದದ್ದೇ ಆರ್ಟಿಮಿಸಿನಿನ್, 2015ರಲ್ಲಿ ತು ಯುಯು ಅವರಿಗೆ ನೊಬೆಲ್.

2010ರಿಂದೀಚೆಗೆ ಆರ್ಟಿಮಿಸಿನಿನ್ ಕುಲದ ಸಂಯುಕ್ತ ಮಾತ್ರೆಗಳು ಜಗತ್ತಿಗೆ ಹಂಚಿಕೆಯಾದದ್ದು 300 ಕೋಟಿ ರೋಗಿಗಳಿಗಾಗುವಷ್ಟನ್ನೂ ಮೀರಿದೆ. ಒಬ್ಬರಿಗೆ ಹತ್ತು ಸೆಂಟಿಮೀಟರ್ ಉದ್ದದ ಒಂದು ಡಬ್ಬಿ ಎಂದಿಟ್ಟುಕೊಂಡು ಸಾಲಾಗಿ ಜೋಡಿಸಿ: 3 ಲಕ್ಷ ಕಿಲೋಮೀಟರ್. ಭೂಮಿಗೆ ಏಳೂವರೆ ಸುತ್ತು! ನೆಟ್ಟಗೆ ಮೇಲಕ್ಕೆ ಜೋಡಿಸಿದರೆ ಚಂದ್ರನ ದಾರಿಯಲ್ಲಿ ಮುಕ್ಕಾಲು ಭಾಗ ಕಳೆದು ಇನ್ನೂ ಒಂದಿಷ್ಟು.

ಇದನ್ನು ಕೇಳಿದವರು ಆ ಸೊಪ್ಪಿನ ಚಹಾ ಕುಡಿದರೆ ಮಾತ್ರೆಯ ಹಂಗೇಕೆ ಎನ್ನುತ್ತಾರೆ. ಅದನ್ನೂ ಅಳೆದಿದ್ದಾರೆ. ಒಂಬತ್ತು ಗ್ರಾಂ ಸೊಪ್ಪಿನಿಂದ ಮಾಡಿದ ಒಂದು ಲೀಟರ್ ಚಹಾದಲ್ಲಿ 94.5 ಮಿಲಿಗ್ರಾಂ ಸಿಕ್ಕಿತು. ಬೇಕಿದ್ದದ್ದು ದಿನಕ್ಕೆ 500. ಅಂದರೆ ದಿನಕ್ಕೆ ಐದು ಲೀಟರ್ ಮೀರಿ, ಕಹಿಯೋ ಕಹಿ. ಏಳು ದಿನಕ್ಕೆ 37 ಲೀಟರ್! ಪೀಣ್ಯದ ಕಾರ್ಖಾನೆಗಳ ಮೂಲೆಯಲ್ಲಿ ಕೂತಿರುತ್ತದಲ್ಲ ಇಪ್ಪತ್ತು ಲೀಟರಿನ ನೀರಿನ ಕ್ಯಾನ್, ಅಂಥ ಎರಡಕ್ಕೆ ಮೂರೇ ಲೀಟರ್ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಈ ಚಹಾವನ್ನು ಬೇಡ ಎನ್ನುತ್ತದೆ. ಜ್ವರ ಬಂದವರು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಬರೆಸಿಕೊಳ್ಳುವುದು. ಹೆಚ್ಚು ಬಳಕೆಯಲ್ಲಿರುವ ಸಂಯುಕ್ತ ಮಾತ್ರೆಯಾದರೆ ಒಬ್ಬ ದೊಡ್ಡವರಿಗೆ ಪೂರ್ತಿ ಕೋರ್ಸ್ 24 ಮಾತ್ರೆ, ಮೂರು ದಿನ.